ಒಬ್ಬರ ಪಾಲಿನ ಗುಳಿಗೆ

ಗುರುಶಾಂತಮ್ಮನವರ ಕೈಯಿಂದ ಒಂದು ರೊಟ್ಟಿ ಇಡಿಯಾಗಿ ಅವರ ಬಾಯಿಗೆ ಹೋದದ್ದನ್ನು ಅಜ್ಜಂಪುರದಲ್ಲಿ ಯಾರೂ ಕಂಡವರಿಲ್ಲ. ತಟ್ಟೆಗೆ ಬಿದ್ದದ್ದನ್ನು ಮೊದಲು ಮುರಿಯಬೇಕು, ಪಕ್ಕದಲ್ಲಿ ಯಾರಿದ್ದಾರೋ ಅವರ ಕಡೆ ಅರ್ಧ ಚಾಚಬೇಕು, ಆಮೇಲೆ ಉಳಿದರ್ಧ ತಾನು ತಿನ್ನಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಎದ್ದು ಹೋಗಿ ಬೀದಿ ಇಣುಕಿ ನೋಡುವ ಹೆಂಗಸು. ವಿಮಲ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಕಡಲೆಬೀಜವನ್ನು ಎರಡು ಬೇಳೆ ಮಾಡಿ ಒಂದನ್ನು ಅವಳ ಅಂಗೈಗೆ ಹಾಕಿದ್ದರು. "ತಗೊಳೇ. ಒಬ್ರೇ ತಿಂದಿದ್ದು ಮೈಗೆ ಹತ್ತಲ್ಲ ಕಣೇ."

ಆ ರಾತ್ರಿಯೇ ವಿಮಲ ಗಂಡ ಪಂಚಾಕ್ಷರಪ್ಪನ ಮುಂದೆ ಅದೇ ದನಿ, ಅದೇ ಕತ್ತಿನ ವಾಲಿಕೆಯಲ್ಲಿ ಒಂದು ಅಕ್ಕಿಕಾಳನ್ನು ಎರಡು ಮಾಡುವ ಅಭಿನಯ ಮಾಡಿ ತೋರಿಸಿದ್ದಳು. ಅವನು ದಿಂಬು ಬಾಯಿಗಿಟ್ಟುಕೊಂಡು ನಕ್ಕಿದ್ದ. ಸಿಂಗಟಗೆರೆಯ ಹುಡುಗಿ, ಕಡೂರಿನ ಕಾಲೇಜಿಗೆ ಹೋಗಿ ಬಿ.ಎ. ಮಾಡಿದವಳು. ಓದಿದ್ದು ಇತಿಹಾಸ, ಕಲಿತದ್ದು ಇತಿಹಾಸದ ಮೇಷ್ಟರ ಕೆಮ್ಮು.

ಈಗ ಮನೆಯಲ್ಲೇ ನಿಜವಾದ ಕೆಮ್ಮು ಬಂದು ಕೂತಿತ್ತು. ಎಂಬತ್ತಮೂರನೇ ಇಸವಿಯ ದೀಪಾವಳಿಗೆ ಹಿಡಿದ ಗುರುಶಾಂತಮ್ಮನವರ ಕೆಮ್ಮು ಸಂಕ್ರಾಂತಿಗೂ ಬಿಡಲಿಲ್ಲ. ಮಾವ ಬಸವರಾಜಪ್ಪನವರು ಈರುಳ್ಳಿ ಮಂಡಿಯವರು; ಅಂಗಡಿಯ ಧೂಳೇ ಕಾರಣ ಅಂದರು. ಕಷಾಯ ಆಯಿತು, ಹಿಪ್ಪಲಿ ಆಯಿತು. ರವಿಕೆ ಸಡಿಲವಾಯಿತು. ಕೊನೆಗೆ ಒಂದು ದಿನ ಎಲ್ಲರೂ ರೈಲು ಹತ್ತಿ ಕಡೂರಿಗೆ ಹೋಗಿ ಡಾಕ್ಟರ್ ಕೃಷ್ಣಸ್ವಾಮಿಯವರ ಮುಂದೆ ಕೂತರು. ಕಫ ಪರೀಕ್ಷೆ ಆಯಿತು, ಎದೆಯ ಫೋಟೋ ಆಯಿತು.

ಡಾಕ್ಟರದು ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ ಹೊಡೆಯುವ ಅಭ್ಯಾಸ.

"ನೋಡಿ ಗುರುಶಾಂತಮ್ಮನೋರೇ. ನಿಮಗಿರೋದು ಟೀಬಿ. ಹೆದರೋ ಕಾಲ ಹೋಯ್ತು. ಔಷಧಿ ಇದೆ. ಆದರೆ ಒಂದಲ್ಲ, ಮೂರು. ಈ ಕೆಂಪು ಕ್ಯಾಪ್ಸೂಲು. ಈ ಚಿಕ್ಕ ಬಿಳೀದು. ಈ ದೊಡ್ಡ ಬಿಳೀದು. ಬೆಳಿಗ್ಗೆ ಖಾಲಿ ಹೊಟ್ಟೇಲಿ, ಮೂರೂ ಒಟ್ಟಿಗೆ. ಕೆಮ್ಮು ನಿಂತರೂ ನಿಲ್ಲಿಸೋ ಹಾಗಿಲ್ಲ. ನಾನು ಸಾಕು ಅನ್ನೋ ತನಕ."

"ಮೂರ್ಯಾಕೆ ಡಾಕ್ಟ್ರೇ?" ಬಸವರಾಜಪ್ಪನವರು ವ್ಯಾಪಾರದ ದನಿಯಲ್ಲಿ ಕೇಳಿದರು. "ಒಂದೇ ಗಟ್ಟಿದು ಕೊಟ್ಬಿಡಿ."

"ಮೂರು ಅಂದ್ರೆ ಮೂರು, ಸ್ವಾಮಿ. ಹೊರಗೆ ನೋಡಿ, ಎಷ್ಟು ಜನ ಕೂತಿದಾರೆ. ಇನ್ನೊಂದು ವಿಷಯ. ಕೆಂಪಿನದು ನುಂಗಿದರೆ ಮೂತ್ರ ಕೆಂಪಗಾಗತ್ತೆ. ಬೆವರು, ಕಣ್ಣೀರು ಕೂಡ. ರಕ್ತ ಅಂತ ಕಿರುಚಬೇಡಿ. ಆದರೆ ಕಣ್ಣು ಹಳದಿ ಆದರೆ, ಊಟ ಸೇರದೆ ವಾಂತಿ ಆದರೆ, ನಾಳೆ ನೋಡೋಣ ಅನ್ನಬೇಡಿ. ಆವತ್ತೇ ಬನ್ನಿ."

ಗುರುಶಾಂತಮ್ಮನವರ ಚಿಂತೆ ಬೇರೆಯೇ ಆಗಿತ್ತು. "ಮಗಳು ತರೀಕೆರೇಲಿ ಬಸುರಿ. ಬಾಣಂತನಕ್ಕೆ ಮನೆಗೆ ಬರ್ಬೇಕು. ಮಗೂನ ಎತ್ಕೋಬೋದಾ?"

"ಈಗ ಬೇಡ. ಮಗು ಇರೋ ಕೋಣೆಗೆ ಹೋಗಬೇಡಿ. ಕಿಟಕಿ ಇರೋ ಕಡೆ ಮಲಗಿ, ಬಾಯಿಗೆ ಬಟ್ಟೆ ಇಟ್ಟುಕೊಂಡು ಕೆಮ್ಮಿ. ಗುಳಿಗೆ ಸರಿಯಾಗಿ ನುಂಗಿ, ಕಫ ಚೊಕ್ಕಟ ಆಗಲಿ. ಆವತ್ತು ಎತ್ತಿಕೊಳ್ಳಿ, ನಾನೇ ಹೇಳ್ತೀನಿ."

ಆ ಮಾತನ್ನು ಗುರುಶಾಂತಮ್ಮ ಸೆರಗಿಗೆ ಗಂಟು ಹಾಕಿಕೊಂಡು ಬಂದರು.

ಗುಳಿಗೆಯ ಉಸ್ತುವಾರಿ ವಿಮಲನಿಗೆ ಬಂತು. ದಿನಾ ಬೆಳಿಗ್ಗೆ ಪುಟ್ಟ ಹಿತ್ತಾಳೆ ತಟ್ಟೆಯಲ್ಲಿ ಮೂರನ್ನೂ ಇಟ್ಟು, ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿಕೊಂಡು, "ಗುರುಶಾಂತಮ್ಮನೋರೇ! ಮೂರೂ! ಒಟ್ಟಿಗೆ!" ಎನ್ನುತ್ತಿದ್ದಳು. ಡಾಕ್ಟರೇ ಒಳಮನೆಗೆ ಬಂದರೇನೋ ಎಂದು ಬಸವರಾಜಪ್ಪನವರು ಒಂದು ದಿನ ಪಂಚೆ ಸರಿಪಡಿಸಿಕೊಂಡು ಎದ್ದು ನಿಂತದ್ದೂ ಉಂಟು.

"ಥೂ ಹುಡುಗಿ, ದೊಡ್ಡೋರ ಅಣಕ ಮಾಡ್ಬಾರ್ದಮ್ಮ," ಎಂದು ಕೂತು, "ಇನ್ನೊಂದ್ಸಲ ಮಾಡು," ಅಂದರು.

ಒಂದು ತೊಡಕಿತ್ತು. ಲಿಂಗಪೂಜೆ ಆಗುವ ತನಕ ಅತ್ತೆ ತೊಟ್ಟು ನೀರೂ ಮುಟ್ಟುವವರಲ್ಲ. ಪೂಜೆ ಮುಗಿದ ಮೇಲೆ ಅಲ್ಲೇ ನುಂಗಿ, ಅದರ ಹಿಂದೆ ತೀರ್ಥ ಕುಡಿಯುತ್ತೇನೆ ಅಂದರು. ಹೊಟ್ಟೆ ಹೇಗೂ ಖಾಲಿ. ಹಾಗಾಗಿ ತಟ್ಟೆ ಪೂಜೆಯ ಕೋಣೆಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು, ಖಾಲಿ ತಟ್ಟೆ ಹೊರಗೆ ಬರುತ್ತಿತ್ತು. ಪೂಜೆಗೆ ಕೂತವರನ್ನು ಇಣುಕಿ ನೋಡುವುದು ಆ ಮನೆಯಲ್ಲಿ ಉಂಟೆ? ಕೆಲವೇ ವಾರದಲ್ಲಿ ಕೆಮ್ಮು ತಗ್ಗಿತು. ಅತ್ತೆ ಒಂದು ಮುದ್ದೆ ಪೂರ್ತಿ ಉಣ್ಣತೊಡಗಿದರು. ಪೂರ್ತಿ ಎಂದರೆ, ಮುರಿದು ಕೊಟ್ಟು ಉಳಿದದ್ದರ ಲೆಕ್ಕದಲ್ಲಿ.

ಅಷ್ಟರಲ್ಲಿ ತರೀಕೆರೆಯಲ್ಲಿ ಮಗಳು ಸಾವಿತ್ರಿಗೆ ಗಂಡುಮಗುವಾಯಿತು. ಬೀಗಿತಿ ಶಕುಂತಲಮ್ಮ ಕಟ್ಟುನಿಟ್ಟಿನ ಹೆಂಗಸು. ಟೀಬಿ ಎಂದರೆ ಸೊಸೆಯನ್ನು ಕಳಿಸುತ್ತಿರಲಿಲ್ಲ. "ಧೂಳಿನ ಕೆಮ್ಮು" ಎಂದು ಬಸವರಾಜಪ್ಪನವರು ಹೇಳಿ, ಬಾಣಂತಿಯನ್ನೂ ಕೂಸನ್ನೂ ಜೀಪಿನಲ್ಲಿ ಕರೆತಂದರು.

"ಸುಳ್ಯಾಕೆ ಹೇಳಿದ್ರಿ ಮಾವ?" ಎಂದಳು ವಿಮಲ.

"ಮೊದಲ್ನೇ ಬಾಣಂತನ ತೌರಲ್ಲಿ ಆಗ್ದೆ ಇನ್ನೆಲ್ಲಮ್ಮ ಆಗುತ್ತೆ? ನಿನ್ನ ಡಾಕ್ಟ್ರು ಹೇಳಿದ್ದೆಲ್ಲ ಮಾಡ್ತಿದೀವಲ್ಲ."

ವಿಮಲ ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಮಾಡಿದಳು. ಬಾಣಂತಿ ಹಿಂದಿನ ಕೋಣೆಯಲ್ಲಿ. ಅತ್ತೆ ಬೀದಿಕಡೆಯ, ಎರಡು ಕಿಟಕಿಯ ಕೋಣೆಯಲ್ಲಿ. ನಡುವೆ ಅಂಗಳ, ಅಂಗಳದ ನಡುವೆ ವಿಮಲ. ಗುರುಶಾಂತಮ್ಮ ಅಂಗಳದ ಈಚೆ ನಿಂತು, ಆಚೆಯ ತೊಟ್ಟಿಲನ್ನು ನೋಡಿ ಬಾಯಿಗೆ ಸೆರಗಿಟ್ಟುಕೊಂಡೇ ಲಾಲಿ ಹೇಳುತ್ತಿದ್ದರು. ಮಗಳಿಗೆ ಮೆಣಸು ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಎಲ್ಲಾ ವಿಮಲನ ಕೈಯಿಂದ. ಊಟವಾದ ಮೇಲೆ ಬಾಣಂತಿಗೆ ಎಲೆ ಅಡಿಕೆ ಮಾತ್ರ ಅತ್ತೆಯ ಕೈಯಿಂದ. ಮಡಿಸಿ, ಲವಂಗ ಚುಚ್ಚಿ, ಅಂಗಳದ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಸಾವಿತ್ರಿ ಬಂದು ತೆಗೆದುಕೊಳ್ಳುತ್ತಿದ್ದಳು. ಅಷ್ಟಕ್ಕೂ ಅಡ್ಡ ಬರಲು ವಿಮಲನಿಗೆ ಮನಸ್ಸಾಗಲಿಲ್ಲ.

ಕಡೂರಿಗೆ ಹೋಗುವ ದಿನ ಬಂತು. ಗುರುಶಾಂತಮ್ಮ ಇಳಕಲ್ ಸೀರೆ ಉಟ್ಟು ಹೊರಟರು. "ವಾಪಸ್ ಬಂದ್ಕೂಡ್ಲೇ ಕೈಕಾಲು ತೊಳೆದು ಎತ್ಕೊಳೋದೇ ಕಣೇ."

ಡಾಕ್ಟರು ಕಫದ ವರದಿ ನೋಡಿದರು. ಮತ್ತೆ ನೋಡಿದರು.

"ಹೋದ ತಿಂಗಳೇ ಕಮ್ಮಿ ಆಗಿತ್ತಲ್ಲ? ಈಗ ಮತ್ತೆ ಹುಳ ಇದೆ. ಗುಳಿಗೆ ನುಂಗ್ತಿದೀರಾ?"

"ನುಂಗ್ತಿದೀನಪ್ಪ."

"ಮೂರೂ?"

"ಯಾವ್ದನ್ನೂ ಎಸೆದಿಲ್ಲ ಕಣಪ್ಪ, ಶಿವನಾಣೆ."

ಡಾಕ್ಟರು ವಿಮಲನ ಕಡೆ ತಿರುಗಿದರು. "ನೀವೇ ಅಲ್ವೇ ಕೊಡೋರು?" ಆ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು. ಮಗುವನ್ನು ಎತ್ತಿಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು. ರೈಲಿನಲ್ಲಿ ಗುರುಶಾಂತಮ್ಮ ಕಿಟಕಿಯಾಚೆಯ ತೆಂಗಿನ ಸಾಲು ನೋಡುತ್ತಾ ಕೂತರು. ಬೀರೂರಿನಲ್ಲಿ ಕೊಂಡ ವಡೆಯಲ್ಲಿ ಅರ್ಧ ಮುರಿದು ಎದುರು ಕೂತಿದ್ದವರಿಗೆ ಕೊಟ್ಟರು, ತಮ್ಮರ್ಧ ತಿನ್ನಲಿಲ್ಲ.

ಮನೆಯಲ್ಲಿ ಪಂಚಾಕ್ಷರಪ್ಪ ಸಿಡಿದ. "ನಾಟಕ ಆಡೋಕೆ ನಿಂಗೆ ಹೊತ್ತಿತ್ತು. ಅವ್ವ ನುಂಗಿದ್ಲೋ ಬಿಟ್ಲೋ ನೋಡೋಕೆ ಇರ್ಲಿಲ್ಲ, ಅಲ್ವಾ?"

"ಪೂಜೆ ಕೋಣೆಗೆ ನುಗ್ಗಿ ಬಾಯಿ ತೆಗೆಸ್ಬೇಕಿತ್ತಾ ರೀ?"

ಹಿಂದಿನ ಕೋಣೆಯಿಂದ ಸಾವಿತ್ರಿ ಬಾಗಿಲಿಗೆ ಬಂದಳು, ತಲೆಗೂ ಕಿವಿಗೂ ಬಿಳೀ ಬಟ್ಟೆ ಸುತ್ತಿಕೊಂಡು. "ಅತ್ತಿಗೆ, ನಮ್ಮವ್ವನ್ನ ಬೀದಿ ಬಾಗ್ಲಲ್ಲಿ ಕೂರ್ಸಿ, ಗೆರೆ ಎಳೆದು ಇಟ್ಟಿದೀಯ. ಕೊರಗಿ ಕೊರಗಿ ಕಾಯಿಲೆ ಜಾಸ್ತಿ ಆಗ್ದೆ ಇರುತ್ತಾ? ಅದು ನಿನ್ನವ್ವ ಆಗಿದ್ರೆ ಹಿಂಗೆ ಮಾಡ್ತಿದ್ಯಾ?"

ಬೇರೆ ದಿನವಾಗಿದ್ದರೆ ವಿಮಲ ನಕ್ಕು ಸುಮ್ಮನಾಗುತ್ತಿದ್ದಳು. ಆವತ್ತು ಡಾಕ್ಟರ ನೋಟ ಇನ್ನೂ ಬೆನ್ನಿಗೆ ಅಂಟಿತ್ತು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಗಲ್ಲ ಮೇಲೆತ್ತಿ, ಮೂಗಿನಿಂದ ದನಿ ತೆಗೆದು ಶಕುಂತಲಮ್ಮನೇ ಆಗಿಬಿಟ್ಟಳು. "'ಸಾವಿತ್ರೀ! ಟೀಬಿ ಇರೋ ಮನೇಲಿ ನನ್ನ ಮೊಮ್ಮಗನ್ನ ಮಲಗಿಸ್ಕೊಂಡು ತುಪ್ಪ ತಿಂತಿದ್ಯಾ? ಎದ್ದು ನಡಿ ತರೀಕೆರೆಗೆ!' ಗೆರೆ ಎಳೀದೆ ಇದ್ರೆ ನಿಮ್ಮತ್ತೆ ಹಿಂಗೆ ಅಂತಾರಮ್ಮ. ಬೇಕಾ?"

ಅಣಕ ತೀರಾ ಚೆನ್ನಾಗಿ ಬಂತು. ಸಾವಿತ್ರಿಯ ಕಣ್ಣು ತುಂಬಿ, ನೀರು ದಳದಳ ಇಳಿಯಿತು. ತಲೆಯ ಬಟ್ಟೆಯ ತುದಿ ಎಳೆದು ಒರೆಸಿಕೊಂಡಳು. ವಿಮಲ ಇನ್ನೊಂದು ಮಾತಿಗೆ ಬಾಯಿ ತೆರೆದವಳು ಹಾಗೆಯೇ ನಿಂತಳು. ಬಿಳೀ ಬಟ್ಟೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಒದ್ದೆ ಕಲೆ. ಅಂಗಳದ ಈಚೆ ಮಗಳ ಅಳು ಕಂಡು ಅತ್ತೆಯೂ ಅಳುತ್ತಿದ್ದರು. ಅವರು ಒರೆಸಿಕೊಂಡ ಬಿಳೀ ಚೌಕ ಬರೀ ಒದ್ದೆ.

"ಸಾವಿತ್ರಿ," ವಿಮಲನ ದನಿ ಈಗ ಯಾರದೂ ಅಲ್ಲ, ಅವಳದೇ. "ಕೆಂಪು ಗುಳಿಗೆ ನುಂಗ್ತಿದ್ಯೇನೇ?"

"ಅದು... ಪುಷ್ಟಿ ಗುಳಿಗೆ. ಅವ್ವ ದಿನಾ ಎಲೆ ಅಡಿಕೆ ಒಳಗಿಟ್ಟು ಕೊಡುತ್ತೆ. ಅತ್ತಿಗೆಗೆ ಹೇಳ್ಬೇಡ, ಬೇಜಾರು ಮಾಡ್ಕೊಂತಾಳೆ ಅಂತು."

"ಮೂತ್ರ ಕೆಂಪಾಗ್ಲಿಲ್ವಾ?"

"ಬಾಣಂತಿ ನಂಜು ಹೋಗ್ತಿದೆ, ಒಳ್ಳೇದು ಅಂತು."

ಎಲ್ಲರೂ ಗುರುಶಾಂತಮ್ಮನ ಕಡೆ ತಿರುಗಿದರು. ಆಕೆ ಕಟ್ಟೆಯ ಮೇಲೆ ಕುಸಿದು ಕೂತರು. "ಬಂದ ವಾರದಲ್ಲೇ ಅವ್ಳಿಗೆ ಕೆಮ್ಮು ಬಂತಲ್ಲೇ. ನನ್ನಿಂದ್ಲೇ ಹತ್ತಿತು ಅಂತ ಜೀವ ಒಡ್ದೋಯ್ತು. ಹೇಳಿದ್ರೆ ಬೀಗಿತಿ ಕರ್ಕೊಂಡೋಗ್ತಾಳೆ. ಇರೋದ್ರಲ್ಲಿ ಒಳ್ಳೇದು ಆ ಕೆಂಪಿಂದು. ಎಳೇ ಬಾಣಂತಿ, ಅವ್ಳಿಗಿರ್ಲಿ ಅಂದ್ಕಂಡೆ."

"ಮತ್ತೆ ನಿಮಗೆ?"

"ನಂಗೆ ಬಿಳೀವು ಎರಡಿದ್ವಲ್ಲೇ. ಅವ್ಳಿಗೆ ಒಂದು, ನಂಗೆ ಎರಡು. ನಂದೇ ಜಾಸ್ತಿ ಆಯ್ತು ಅಂತ ದಿನಾ ಹೊಟ್ಟೆ ಉರೀತಿತ್ತು."

ಬಸವರಾಜಪ್ಪನವರು ಹಣೆ ಹಿಡಿದುಕೊಂಡರು. ವಿಮಲನಿಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ. "ಮಗಳಿಗೆ ಕೆಂಪಿಂದು. ಸೊಸೆಗೇನಿಟ್ಟಿದ್ರಿ ಅತ್ತೆ?"

"ನಿಂಗೆ ಕೆಮ್ಮು ಬಂದಿದ್ರೆ ಚಿಕ್ಕ ಬಿಳೀದು ಕೊಡ್ತಿದ್ದೆ ಕಣೇ, ದೇವರಾಣೆ," ಎಂದರು ಗುರುಶಾಂತಮ್ಮ, ಪೂರಾ ಮನಸ್ಸಿನಿಂದ.

ಮರುದಿನ ಬಾಣಂತಿ, ಕೂಸು, ರೋಗಿ, ಎಲ್ಲರ ದಿಬ್ಬಣ ಕಡೂರಿಗೆ ಹೋಯಿತು. ಡಾಕ್ಟರು ಕೇಳಿ ಮೊದಲು ಕೆಂಪಾದರು, ಕ್ಯಾಪ್ಸೂಲು ನುಂಗದೆಯೇ. ಆಮೇಲೆ ಸಾವಿತ್ರಿಯ ಎದೆಯ ಫೋಟೋ ತೆಗೆಸಿ, ಕೂಸನ್ನು ಬಟ್ಟೆ ಬಿಚ್ಚಿಸಿ ನೋಡಿ, "ಇವಳದು ಬರೀ ನೆಗಡಿ ಕೆಮ್ಮು. ಮಗೂನೂ ಚೆನ್ನಾಗಿದೆ. ಆ ಕ್ಯಾಪ್ಸೂಲು ಇವತ್ತಿಗೇ ನಿಲ್ಲಿಸಿ. ಮಗುವಿನ ರಕ್ಷಣೆಗೆ ಬೇರೆ ಔಷಧಿ ಕೊಡ್ತೀನಿ," ಎಂದು ಗುರುಶಾಂತಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಹೊರಗೆ ಎಷ್ಟು ಜನ ಇದ್ದಾರೆಂದು ಈ ಸಲ ಹೇಳಲಿಲ್ಲ.

"ನಿಮ್ಮ ತೌರು ಎಲ್ಲಿ?"

"ಎಮ್ಮೆದೊಡ್ಡಿ ಕಡೆ."

"ಹಾಗಿದ್ರೆ ಕಾವಲಿನ ಹುಲ್ಲಲ್ಲಿ ಮೇಯೋಕೆ ಬಿಟ್ಟ ಅಮೃತಮಹಲ್ ದನ ಹಿಡಿಯೋದು ನೋಡಿರಬೇಕು. ಒಬ್ಬನೇ ಹೋದರೆ ಹಿಡೀತಾನಾ?"

"ಎಲ್ಲೀದು! ಒಬ್ನೇ ಹೋದ್ರೆ ದಿಕ್ಕಾಪಾಲು ಓಡ್ತವೆ. ಮೂರ್ ಕಡೆಯಿಂದ ಸುತ್ತಿ ಅಟ್ಕೊಂಡು ಬರ್ಬೇಕು."

"ಒಬ್ಬನೇ ಹೋಗಿ ಹೋಗಿ ಸೋತರೆ?"

"ದನಕ್ಕೆ ಅವ್ನ ವರಸೆ ಗೊತ್ತಾಗ್ಬಿಡುತ್ತೆ. ಆಮೇಲೆ ಅವ್ನ ಕೈಗೆ ಎಂದೂ ಸಿಕ್ಕಲ್ಲ..." ಎನ್ನುತ್ತಿದ್ದ ಗುರುಶಾಂತಮ್ಮನ ಮಾತು ಅಲ್ಲೇ ನಿಂತಿತು. ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ."

"ಅಷ್ಟೇ. ಮೂರೂ ಒಟ್ಟಿಗೆ ನುಗ್ಗಿದರೆ ಹುಳಕ್ಕೆ ಓಡೋಕೆ ದಾರಿ ಇಲ್ಲ. ನೀವು ಒಬ್ಬನನ್ನ ಮನೆಗೆ ಕಳಿಸಿಬಿಟ್ರಿ. ಉಳಿದ ಇಬ್ಬರ ವರಸೆ ಅದು ಕಲೀತೋ ಇಲ್ಲವೋ, ಕಫ ಬೆಂಗಳೂರಿಗೆ ಕಳಿಸಿ ನೋಡಬೇಕು. ಕಲಿತಿದ್ದರೆ ಈ ಗುಳಿಗೆಗಳು ಕೆಲಸ ಮಾಡಲ್ಲ. ನಿಮಗೂ ಕಷ್ಟ, ನಿಮ್ಮಿಂದ ಹತ್ತಿದವರಿಗೂ ಕಷ್ಟ. ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು, ನನ್ನದೂ ತಪ್ಪು."

ಬೆಂಗಳೂರಿನ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಅಷ್ಟರೊಳಗೆ ಸುದ್ದಿ ತರೀಕೆರೆ ಮುಟ್ಟಿತು. ಶಕುಂತಲಮ್ಮ ಬಂದರು, ಹೊಸ್ತಿಲ ಮೇಲೇ ನಿಂತರು. "ಧೂಳಿನ ಕೆಮ್ಮಾ, ಬೀಗ್ರೇ?" ಎಂದು ಬಸವರಾಜಪ್ಪನವರನ್ನು ಒಂದೇ ಮಾತು ಕೇಳಿದರು. ತೊಟ್ಟಿಲು ಜೀಪು ಹತ್ತಿತು. ಗುರುಶಾಂತಮ್ಮ ಬೀದಿಕಡೆಯ ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು.

ಆ ರಾತ್ರಿ ಊಟಕ್ಕೆ ಏಳಲಿಲ್ಲ. ವಿಮಲ ಮುದ್ದೆ, ಬಸ್ಸಾರು ತಟ್ಟೆಗಿಟ್ಟು ಕೊಂಡೊಯ್ದಳು.

"ಒಲ್ಲೆ ಕಣೇ. ಯಾರಿಗಾಗಿ ಉಣ್ಲಿ?"

"ಉಣ್ಬೇಡಿ. ಗುಳಿಗೆಗೆ ನಿಮ್ಮ ಮೈಯಲ್ಲಿ ಕೆಲಸ ಮಾಡೋಕೆ ಶಕ್ತಿ ಬೇಡ್ವಾ? ಅದನ್ನೂ ಪಕ್ಕದ ಮನೆಯಿಂದ ಕಡ ತರ್ಲಾ?"

ಅತ್ತೆ ಎದ್ದು ಕೂತು ಒಂದು ತುತ್ತು ಮುರಿದರು.

ಮರುದಿನದಿಂದ ಕಾಯಿದೆ ಬದಲಾಯಿತು. ಪೂಜೆ ಮುಗಿಸಿ ಅತ್ತೆ ಹೊಸ್ತಿಲಿಗೆ ಬರಬೇಕು, ಎಲ್ಲರೆದುರು ನುಂಗಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ವಿಮಲ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ದಲ್ಲಾಳಿಯ ದನಿ ತೆಗೆದು, "ಆರು ಹಲ್ಲಿನ ಮಾಲು ಸ್ವಾಮಿ, ಮೋಸ ಇಲ್ಲ!" ಎಂದು ಕೂಗುತ್ತಿದ್ದಳು. "ಮಾತ್ರೆ ಅಂದ್ರೆ ಒಬ್ರಿಗೆ ಮಾತ್ರ ಅತ್ತೆ, ಅದಕ್ಕೇ ಆ ಹೆಸರು," ಎಂದು ತನ್ನದೇ ವ್ಯಾಕರಣ ಬೇರೆ ಮಾಡಿದಳು. ಗುರುಶಾಂತಮ್ಮ ಬಾಯಿ ತೆರೆದುಕೊಂಡೇ ನಗುತ್ತಿದ್ದರು. ಪಂಚಾಕ್ಷರಪ್ಪ ಒಂದು ಬೆಳಿಗ್ಗೆ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ, "ಆವತ್ತು ಜಾಸ್ತಿ ಅಂದ್ಬಿಟ್ಟೆ," ಅಂದ. "ಜೋರಾಗಿ ಹೇಳಿ, ಅಣಕ ಮಾಡೋಕೆ ದನಿ ಸರಿಯಾಗಿ ಕೇಳಿಸ್ಬೇಕು," ಅಂದಳು ವಿಮಲ.

ಮುಂಗಾರಿನ ಹೊತ್ತಿಗೆ ಬೆಂಗಳೂರಿನಿಂದ ಉತ್ತರ ಬಂತು. ಹುಳ ಇನ್ನೂ ಯಾರ ವರಸೆಯನ್ನೂ ಕಲಿತಿರಲಿಲ್ಲ. ಆಮೇಲಿನ ಎರಡು ಪರೀಕ್ಷೆಯಲ್ಲೂ ಕಫ ಚೊಕ್ಕಟ. ಡಾಕ್ಟರು ಕನ್ನಡಕ ತೆಗೆದು, "ಗುಳಿಗೆ ಇನ್ನೂ ಬಹಳ ದಿನ ಇದೆ, ಮರೀಬೇಡಿ. ಆದರೆ ಇನ್ನು ಹೋಗಿ. ಎತ್ತಿಕೊಳ್ಳಿ," ಎಂದರು.

ಬಸವರಾಜಪ್ಪನವರು ಬೀಗರ ಮುಖ ನೋಡಲು ಹಿಂಜರಿದರು. ಅತ್ತೆ ಸೊಸೆ ಇಬ್ಬರೇ ತರೀಕೆರೆಯ ಬಸ್ಸು ಹತ್ತಿದರು. "ಸಂಜೆ ನಾಲ್ಕರ ಬಸ್ಸಿಗೆ ಬಂದ್ಬಿಡಿ," ಎಂದು ಮಾವ ಕಿಟಕಿಯಲ್ಲಿ ಹೇಳಿ ಕಳಿಸಿದರು.

ಶಕುಂತಲಮ್ಮ ಜಗಲಿಯಲ್ಲೇ ಚಾಪೆ ಹಾಸಿದರು. ಡಾಕ್ಟರ ಮಾತು, ಪರೀಕ್ಷೆಯ ಮಾತು, ವಿಮಲ ಒಂದೂ ಬಿಡದೆ ಹೇಳಿದಳು. ಕೇಳಿಸಿಕೊಂಡು, "ಒಳ್ಳೇದಾಯ್ತು," ಅಂದರು ಆಕೆ. ಕಾಫಿ ಬಂತು. ವಿಮಲನಿಗೆ ಮನೆಯ ಹೊಳೆಯುವ ಸ್ಟೀಲ್ ಲೋಟದಲ್ಲಿ. ಗುರುಶಾಂತಮ್ಮನಿಗೆ ಅಂಚು ಒಡೆದ ಪಿಂಗಾಣಿ ಕಪ್ಪಿನಲ್ಲಿ. ಆಮೇಲೆ ಎಸೆದರೂ ನಷ್ಟವಿಲ್ಲದ್ದು. ಗುರುಶಾಂತಮ್ಮ ನೋಡಿದರು. ಒಂದು ಗುಟುಕು ಕುಡಿದರು.

"ಅತ್ತೆ, ನನ್ನದರಲ್ಲಿ ಸಕ್ರೆ ಕಮ್ಮಿ. ಕೊಡಿ ಇಲ್ಲಿ," ಎಂದು ವಿಮಲ ಕಪ್ಪನ್ನು ಅತ್ತೆಯ ಕೈಯಿಂದಲೇ ತೆಗೆದುಕೊಂಡು, ಅವರು ಕಚ್ಚಿ ಕುಡಿದ ಅಂಚಿಗೇ ತುಟಿಯಿಟ್ಟು, ತಳ ಕಾಣುವ ತನಕ ಕುಡಿದಳು. ಸ್ಟೀಲ್ ಲೋಟವನ್ನು ಅತ್ತೆಯ ಮುಂದೆ ಸರಿಸಿದಳು.

"ಏನಮ್ಮಾ ಇದು, ಎಂಜಲು!" ಎಂದರು ಶಕುಂತಲಮ್ಮ.

"ಹೌದು ಕಣ್ರೀ. ಚೆನ್ನಾಗಿತ್ತು."

ಶಕುಂತಲಮ್ಮ ಎದ್ದು ಒಳಗೆ ಹೋದರು. ಬಂದಾಗ ಅವರ ಹೆಗಲ ಮೇಲೆ ಕೂಸಿತ್ತು, ಹಿಂದೆ ಸಾವಿತ್ರಿ ಇದ್ದಳು. "ತಗೊಳ್ರೀ ಬೀಗಿತಿ. ನಿಮ್ಮದೂ ಹೌದಲ್ಲ."

ಗುರುಶಾಂತಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಆಮೇಲೆ ಚಾಚಿದರು. ಮಗು ಹೊಸ ಮುಖ ನೋಡಿತು, ಹುಬ್ಬು ಗಂಟಿಕ್ಕಿತು, ಬಾಯಿ ಚೌಕ ಮಾಡಿ ಬೀದಿಗೆ ಕೇಳುವ ಹಾಗೆ ಕಿರುಚಿತು.

"ಕೊಡವ್ವ, ಗುರುತಿಲ್ಲ ಅದಕ್ಕೆ," ಎಂದಳು ಸಾವಿತ್ರಿ.

"ಅಳ್ಲಿ ಬಿಡೇ! ಎಂಥಾ ಎದೆ ನೋಡೇ ಇದರದು, ಎಂಥಾ ಉಸಿರು! ಅಳು ನನ್ನಪ್ಪ, ಇನ್ನೂ ಜೋರಾಗಿ ಅಳು." ಕಿರುಚುವ ಕೂಸನ್ನು ಎದೆಗೊತ್ತಿಕೊಂಡು ಅವರು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಮಗು ಕತ್ತಿನ ಕೆಳಗೆ ಮುಖ ಹುದುಗಿಸಿ ನಿದ್ದೆಹೋಯಿತು. ಅವರು ನಡೆಯುವುದನ್ನು ನಿಲ್ಲಿಸಲಿಲ್ಲ.

ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಸಾವಿತ್ರಿ ವಿಮಲನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. "ಅತ್ತಿಗೆ, ನಾಲ್ಕರದು."

"ಯಾವ ನಾಲ್ಕರದು? ನಂಗೇನೂ ಕೇಳಿಸ್ಲಿಲ್ಲಪ್ಪ."

"ನಾಳೆ ಬೆಳಿಗ್ಗೆ ಅವ್ವನ ಗುಳಿಗೆ?"

ವಿಮಲ ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಒಂದು ಕೆಂಪು, ಒಂದು ಚಿಕ್ಕ ಬಿಳೀದು, ಒಂದು ದೊಡ್ಡ ಬಿಳೀದು.